ಕಿವಿಗೆ ಕಂಡ ತಪ್ಪುಗಳು

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಆದರೂ ಮನುಷ್ಯನು ಬೇಡದ ಸದ್ದಿನಿಂದ ಹೇಗೋ ಪಾರಾಗುತ್ತಾನೆ. ಏಕೆಂದರೆ ಕಿವಿಯ ಹಿಂದೆ ಕುಳಿತಿರುವ ಮನಸ್ಸು ತನಗೆ ಬೇಕಾದುದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಬೆಳೆದ ಮಗು ಗಿರಣಿಯ ಸದ್ದಿಗೆ ಎಚ್ಚರಗೊಳ್ಳುವುದಿಲ್ಲ. ಮೈಕಿಗೆ ಇಂಥ ಮನಸ್ಸಿಲ್ಲ. ಅಡಿಗೆಮನೆಯ ಕುಕ್ಕರಿನ ಸೀಟಿ, ತಲೆಯ ಮೇಲಿನ ಫ್ಯಾನಿನ ಗಾಳಿ, ಬೀದಿನಾಯಿಗಳ ಜಗಳ, ಕುಮಾರವ್ಯಾಸನ ಪದ್ಯ – ಎಲ್ಲವೂ ಅದಕ್ಕೆ ಒಂದೇ. ಮನೆಯಲ್ಲಿ ಕುಳಿತು ಧ್ವನಿಮುದ್ರಣ ಮಾಡಹೊರಟವರ ಕಷ್ಟಗಳು ಮೊದಲಾಗುವುದು ಮೈಕಿನ ಈ ಸಮದೃಷ್ಟಿಯಿಂದಲೇ.

ಅರಸೀಕೆರೆಯಲ್ಲಿ ರೈಲುಹಳಿಗೆ ಸಮೀಪದ ಒಂದು ಮನೆಯ ಹುಡುಗಿ ಈ ಕಷ್ಟಗಳನ್ನು ಒಂದೊಂದಾಗಿ ಅನುಭವಿಸಿದಳು. ಅವಳು ಕಾಲೇಜಿನಲ್ಲಿ ಓದುತ್ತಿದ್ದಳು. ಪಕ್ಕದ ಮನೆಯ ಹುಡುಗ ಒಂಬತ್ತನೆಯ ತರಗತಿಯವನು, ಹುಟ್ಟಿನಿಂದ ಅಂಧ. ಬ್ರೈಲ್ ಲಿಪಿಯನ್ನು ಅವನು ಸರಾಗವಾಗಿ ಓದಬಲ್ಲವನಾಗಿದ್ದರೂ ಆ ವರ್ಷ ಸಮಾಜವಿಜ್ಞಾನದ ಬ್ರೈಲ್ ಪುಸ್ತಕ ಅವನ ಕೈಸೇರಿರಲಿಲ್ಲ. ಪರೀಕ್ಷೆಗೆ ಉಳಿದಿದ್ದುದು ಆರು ವಾರ. ಪಾಠಗಳನ್ನೆಲ್ಲ ತಾನೇ ಓದಿ ಮುದ್ರಿಸಿ ಕೊಡುವುದಾಗಿ ಹುಡುಗಿ ಮಾತು ಕೊಟ್ಟಳು. ಮಾತು ಕೊಡುವಾಗ ಅದು ಬಹು ಸುಲಭದ ಕೆಲಸವೆಂದು ಅವಳು ತಿಳಿದಿದ್ದಳು.

ಮನೆಯೊಳಗಿಂದ ದನಿಯನ್ನು ಹೊರಗೆ ಕಳುಹಿಸುವ ಸಾಹಸ ಕನ್ನಡನಾಡಿಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಈ ಹುಡುಗಿಯ ಬಳಿ ಇದ್ದುದು ಅಣ್ಣನ ಹಳೆಯ ಲ್ಯಾಪ್‌ಟಾಪು, ಸಾಧಾರಣ ಬೆಲೆಯ ಒಂದು ಮೈಕು, ಮತ್ತು ಆಡಾಸಿಟಿ ಎಂಬ ತಂತ್ರಾಂಶ. ಇದನ್ನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಎಂಬುವರು 1999ರಲ್ಲಿ ರಚಿಸತೊಡಗಿದರು. 2000ದಲ್ಲಿ ಅದು ಜನರ ಕೈಗೆ ಬಂದಿತು. ಅಂದಿನಿಂದ ಅದು ಉಚಿತವಾಗಿಯೇ ದೊರೆಯುತ್ತಿದೆ.

ಮೊದಲ ದಿನದ ಮುದ್ರಣದಲ್ಲಿ ದನಿ ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಮೈಕು ಕೆಟ್ಟಿದೆಯೆಂದು ಹುಡುಗಿ ನಿರ್ಧರಿಸಿಬಿಟ್ಟಿದ್ದಳು. ಅಣ್ಣ ಬಂದು, ಮುದ್ರಣ ನಡೆಯುತ್ತಿರುವಾಗಲೇ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದನು. ಪರದೆಯ ಮೇಲಿನ ಗೆರೆ ಕದಲಲಿಲ್ಲ. ಲ್ಯಾಪ್‌ಟಾಪಿನ ಅಂಚನ್ನು ಕೆರೆದನು, ಗೆರೆ ಚಿಮ್ಮಿತು. ಹೊರಗಿನ ಮೈಕನ್ನು ಸಿಕ್ಕಿಸಿದ್ದರೂ ಕಂಪ್ಯೂಟರು ತನ್ನ ಒಡಲೊಳಗಿನ ಪುಟ್ಟ ಮೈಕಿನಿಂದಲೇ ಕೇಳಿಸಿಕೊಳ್ಳುತ್ತಿತ್ತು! ಯಾವ ಮೈಕು ಬೇಕೆಂಬುದನ್ನು ತಂತ್ರಾಂಶದಲ್ಲಿ ಆರಿಸಿಕೊಟ್ಟ ಮೇಲೆ ದನಿ ಹತ್ತಿರಕ್ಕೆ ಬಂದಿತು.

ಅದನ್ನು ಕೇಳಿದ ಹುಡುಗ ನಕ್ಕು, "ಅಕ್ಕಾ, ನೀನು ಓದುತ್ತಿರುವಾಗ ಯಾವುದೋ ದುಂಬಿ ಪಾಠ ಮುಗಿಯುವವರೆಗೂ ಶ್ರುತಿ ಹಿಡಿದಿದೆ" ಎಂದನು. ಹುಡುಗಿಗೆ ಅದು ಕೇಳಿಸಿಯೇ ಇರಲಿಲ್ಲ. ಅವನು ಹೇಳಿದ ಮೇಲೆ ಕೇಳಿಸಿತು. ಭಾರತದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಚಾರ್ಜರಿನಲ್ಲಿಯೋ ಮನೆಯ ಅರ್ತಿನಲ್ಲಿಯೋ ಲೋಪವಿದ್ದರೆ ಅದೇ ಆವರ್ತನೆ ಮೈಕಿನ ತಂತಿಯೊಳಗೆ ಸೇರಿ ಗುಂಯ್ಗುಟ್ಟುತ್ತದೆ. ಚಾರ್ಜರನ್ನು ಕಿತ್ತು, ಬ್ಯಾಟರಿಯ ಬಲದಿಂದಲೇ ಲ್ಯಾಪ್‌ಟಾಪನ್ನು ನಡೆಸಿದಾಗ ದುಂಬಿ ಹಾರಿಹೋಯಿತು.

ಮೂರನೆಯ ಪಾಠ 1799ರ ಶ್ರೀರಂಗಪಟ್ಟಣದ ಮುತ್ತಿಗೆ. ಹುಡುಗಿಗೆ ಆವೇಶ ಬಂದು ದನಿ ಏರಿತು. ಏರಿದಲ್ಲೆಲ್ಲ ಮುದ್ರಿಕೆ ಹರಿದ ತಮಟೆಯಂತೆ ಒರಟಾಯಿತು. ಕಂಪ್ಯೂಟರು ದನಿಯ ಅಲೆಯನ್ನು ಸೆಕೆಂಡಿಗೆ ಹಲವು ಸಾವಿರ ಸಲ ಅಳೆದು ಸಂಖ್ಯೆಗಳಾಗಿ ಬರೆದುಕೊಳ್ಳುತ್ತದೆ. 16 ಬಿಟ್ಟಿನ ಲೆಕ್ಕದಲ್ಲಿ ಆ ಸಂಖ್ಯೆ 32,767ನ್ನು ಮೀರುವಂತಿಲ್ಲ. ಕೊಳಗ ತುಂಬಿದ ಮೇಲೆ ಸುರಿದ ರಾಗಿ ಹೇಗೆ ಅಳತೆಗೆ ಸಿಕ್ಕುವುದಿಲ್ಲವೋ ಹಾಗೆ ಮಿತಿ ಮೀರಿದ ದನಿಯ ತುದಿಗಳು ಕತ್ತರಿಸಿಹೋಗುತ್ತವೆ. ಆಮೇಲೆ ಸದ್ದನ್ನು ತಗ್ಗಿಸಿದರೆ ಒಡಕು ದನಿ ಮೆಲ್ಲಗೆ ಕೇಳಿಸೀತೇ ಹೊರತು ಒಡಕು ಕೂಡುವುದಿಲ್ಲ. ಮುದ್ರಣದ ದೋಷಗಳಲ್ಲಿ ಎಲ್ಲಕ್ಕಿಂತ ನಿರ್ದಯವಾದುದು ಇದು. ಇದಕ್ಕೆ ಮುಂಜಾಗ್ರತೆಯುಂಟು, ಚಿಕಿತ್ಸೆಯಿಲ್ಲವೆನ್ನಬೇಕು. ತಂತ್ರಾಂಶದ ಅಳತೆಪಟ್ಟಿಯಲ್ಲಿ ಸೊನ್ನೆಯೆಂಬುದು ತಳವಲ್ಲ, ಚಾವಣಿ; ಅತಿ ಗಟ್ಟಿಯಾದ ಮಾತೂ ಅದಕ್ಕಿಂತ ಆರು ಡೆಸಿಬೆಲ್ಲಾದರೂ ಕೆಳಗೇ ನಿಲ್ಲುವಂತೆ ಮೊದಲೇ ಹದಮಾಡಿಕೊಳ್ಳಬೇಕು. ನಲವತ್ತು ನಿಮಿಷ ಓದಿದ್ದ ಪಾಠವನ್ನು ಹುಡುಗಿ ಮೊದಲಿನಿಂದ ಮತ್ತೆ ಓದಿದಳು.

ಮಹಾಪ್ರಾಣಗಳದು ಇನ್ನೊಂದು ಕಥೆ. "ಭಾರತ", "ಫಲ" ಎಂದಾಗಲೆಲ್ಲ ಬಾಯಿಂದ ನುಗ್ಗಿದ ಗಾಳಿ ಮೈಕಿಗೆ ಬಡಿದು ಗುದ್ದಿದಂತೆ ಕೇಳುತ್ತಿತ್ತು. ಮಹಾಪ್ರಾಣವೆಂದರೆ ಎಷ್ಟು ಪ್ರಾಣವೆಂಬುದನ್ನು ವ್ಯಾಕರಣದ ಪುಸ್ತಕಕ್ಕಿಂತ ಮೈಕು ಚೆನ್ನಾಗಿ ಕಲಿಸುತ್ತದೆ. ಮೈಕನ್ನು ಬಾಯಿಗೆ ನೇರವಾಗಿಡದೆ ಒಂದು ಗೇಣು ದೂರದಲ್ಲಿ ತುಸು ಪಕ್ಕಕ್ಕೆ ಇಟ್ಟದ್ದರಿಂದ ಆ ಗುದ್ದು ನಿಂತಿತು. ಬರಿಗೋಡೆಗಳಿಗೆ ತಗುಲಿ ಮರಳುತ್ತಿದ್ದ ಮಾರ್ದನಿಗೆ ತಾಯಿಯೇ ಪರಿಹಾರ ಕಂಡುಹಿಡಿದರು. ಅಟ್ಟದ ಮೇಲಿದ್ದ ಎರಡು ಕೌದಿಗಳನ್ನು ಇಳಿಸಿ ಹುಡುಗಿಯ ಹಿಂದೆಯೂ ಮುಂದೆಯೂ ಹಗ್ಗಕ್ಕೆ ನೇತುಹಾಕಿದರು. ಸೆಕೆಗೆ ಬೆವರು ಸುರಿಯುತ್ತಿದ್ದರೂ ಫ್ಯಾನು ಹಾಕುವಂತಿರಲಿಲ್ಲ.

ಒಮ್ಮೆ ಅವಳ ದನಿ ಗಂಡಸಿನ ದನಿಯಂತೆ ದಪ್ಪವಾಗಿ ಎಳೆಯತೊಡಗಿತು. ಸೆಕೆಂಡಿಗೆ 48,000 ಅಳತೆಗಳಂತೆ ಮುದ್ರಿಸಿದ ಪಾಠಕ್ಕೆ ಅವಳು ಪಟ್ಟಿಯಲ್ಲಿ 44,100 ಎಂದು ಗುರುತು ಮಾಡಿಬಿಟ್ಟಿದ್ದಳು. ಸಂಖ್ಯೆಗಳು ಅವೇ, ಓದುವ ವೇಗ ಮಾತ್ರ ಕಡಿಮೆ. ಹತ್ತು ನಿಮಿಷದ ಪಾಠ 10 ನಿಮಿಷ 53 ಸೆಕೆಂಡು ಹಿಡಿಯಿತು. ಗುರುತನ್ನು ಹಿಂದಿನಂತೆ ಮಾಡಿದಾಗ ದನಿ ಮರಳಿತು. ಇನ್ನೊಮ್ಮೆ ಆಡಾಸಿಟಿಯ ಸ್ವಂತ ಕಡತವನ್ನೇ ಪೆನ್‌ಡ್ರೈವಿಗೆ ತುಂಬಿ ಕೊಟ್ಟಳು. ಹುಡುಗನ ಪುಟ್ಟ ಯಂತ್ರ ಅದನ್ನು ಮುಟ್ಟಲೇ ಇಲ್ಲ. ಆ ಕಡತ ಅರ್ಧ ಹೊಲಿದ ಬಟ್ಟೆಯಿದ್ದಂತೆ. ಎಂಪಿ3 ರೂಪಕ್ಕೆ ಇಳಿಸಿದ ಮೇಲೆಯೇ ಬೇರೆಯವರಿಗೆ ಉಪಯೋಗ. ಪಾಪ, ಹುಡುಗನ ಒಂದು ಭಾನುವಾರ ಇದರಿಂದ ವ್ಯರ್ಥವಾಯಿತು.

ಇಷ್ಟಾದ ಮೇಲೆ ಅವಳಿಗೆ ಸಂಸ್ಕರಣದ ರುಚಿ ಹತ್ತಿತು. ಮಾತಿಲ್ಲದ ಎರಡು ಸೆಕೆಂಡಿನ ಭಾಗವನ್ನು ತೋರಿಸಿ 'ಇದು ಗದ್ದಲ' ಎಂದು ತಿಳಿಸಿದರೆ ತಂತ್ರಾಂಶವು ಅಂಥ ಸದ್ದನ್ನು ಮುದ್ರಿಕೆಯ ಉದ್ದಕ್ಕೂ ತಗ್ಗಿಸುತ್ತದೆ. ಒಮ್ಮೆ ತಗ್ಗಿಸಿದ್ದು ಸಾಲದೆಂದು ಅವಳು ಮೂರು ಸಲ ತಗ್ಗಿಸಿದಳು. ಮಾತಿನ ನಡುವಣ ಉಸಿರುಗಳನ್ನು ಒಂದೊಂದಾಗಿ ಕತ್ತರಿಸಿ ಎಸೆದಳು. ಹಾಗೆ ತೊಳೆದು ಮಡಿಮಾಡಿದ ಪಾಠವನ್ನು ಹುಡುಗ ಕಾಲುಗಂಟೆ ಕೇಳಿ ನಿಲ್ಲಿಸಿದನು.

"ಯಾಕೋ?" ಎಂದು ಹುಡುಗಿ ಕೇಳಿದಳು.

"ನೀರಿನೊಳಗೆ ಕುಳಿತು ಓದಿದ ಹಾಗಿದೆ ಅಕ್ಕಾ. ಅದೂ ಅಲ್ಲದೆ ನೀನು ಉಸಿರೇ ಆಡುವುದಿಲ್ಲ. ಕೇಳುತ್ತ ಕೇಳುತ್ತ ನನಗೇ ಉಸಿರು ಕಟ್ಟಿತು."

ಹುಡುಗಿಗೆ ಮೊದಲು ಸಿಟ್ಟು ಬಂದಿತು. ಎರಡು ರಾತ್ರಿಯ ನಿದ್ದೆಗೆಟ್ಟು ಮಾಡಿದ ಕೆಲಸ! ಆದರೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ತಾನೇ ಕೇಳಿದಾಗ ಅವನ ಮಾತು ನಿಜವೆನಿಸಿತು. ಅದೃಷ್ಟಕ್ಕೆ ಮೂಲ ಮುದ್ರಿಕೆಯ ಪ್ರತಿಯೊಂದನ್ನು ಅಣ್ಣ ಬೇರೆಡೆ ಇಡಿಸಿದ್ದನು. ಅದರಿಂದ ಹೊಸದಾಗಿ ತೊಡಗಿ, ಗದ್ದಲವನ್ನು ಒಂದೇ ಸಲ ತುಸುವಷ್ಟೆ ತಗ್ಗಿಸಿ, ಉಸಿರುಗಳನ್ನು ಇದ್ದಂತೆಯೇ ಬಿಟ್ಟಳು. ಐದನೆಯ ಪುಟ ಓದುವಾಗ ಹೊರಗೆ ರೈಲೊಂದು ಕೂಗಿಕೊಂಡು ಹೋಗಿತ್ತು. ಅದನ್ನು ಕತ್ತರಿಸಲು ಗುರುತು ಮಾಡುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಹುಡುಗ ಅವಳ ಕೈ ಹಿಡಿದನು.

"ಆ ರೈಲನ್ನು ತೆಗೆಯಬೇಡ ಅಕ್ಕಾ. ನೀವು ಪುಟ ಮಡಿಸಿ ಗುರುತಿಟ್ಟುಕೊಳ್ಳುತ್ತೀರಲ್ಲ, ನನಗೆ ಅದು ಹಾಗೆ. ರೈಲು ಬಂದರೆ ತೆರಿಗೆ ಪದ್ಧತಿ ಮುಗಿಯಿತು, ಮುಂದೆ ಆಡಳಿತ ಸುಧಾರಣೆ."

ಹುಡುಗಿ ಗುರುತನ್ನು ಅಳಿಸಿದಳು. ಮರುದಿನ ಮುಂದಿನ ಪಾಠವನ್ನು ಓದಲು ಕುಳಿತಾಗ ರೈಲಿನ ಕೂಗು ಕೇಳಿಸಿತು. ಅವಳು ಓದುವುದನ್ನು ನಿಲ್ಲಿಸಲಿಲ್ಲ.