ದಂಡ: ಒಂದು ಪದ, ಒಂದು ಸಾಮು

'ದಂಡ' ಎಂಬ ಪದಕ್ಕೆ ಕೋಲು, ಶಿಕ್ಷೆ, ಜುಲ್ಮಾನೆ ಎಂಬ ಅರ್ಥಗಳಿವೆ. ದಂಡನಾಯಕನಲ್ಲಿ ಅದು ಸೈನ್ಯ. ಆಡುಮಾತಿನಲ್ಲಿ ವ್ಯರ್ಥವಾದುದೆಲ್ಲ ದಂಡವೇ. ಗರಡಿಮನೆಯಲ್ಲಾದರೋ ಅದು ಅಂಗೈ ಹಾಗೂ ಕಾಲ್ಬೆರಳುಗಳನ್ನು ನೆಲಕ್ಕೂರಿ ದೇಹವನ್ನು ಇಳಿಸಿ ಏರಿಸುವ ಸಾಮು. ಅದರ ಜೋಡಿಯಾದ ಬಸ್ಕಿ ಶಾಲೆಗಳಲ್ಲಿ ಶಿಕ್ಷೆಯಾಗಿ ಉಳಿದುಕೊಂಡದ್ದು ವಿಚಿತ್ರವೇ ಸರಿ.

ಮೈಸೂರಿನ ನಿವೃತ್ತ ಶಾಲಾ ಶಿಕ್ಷಕರೊಬ್ಬರು ಅರವತ್ತಾರನೆಯ ವಯಸ್ಸಿನಲ್ಲಿ ಬಚ್ಚಲಮನೆಯಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ. ಆದರೆ ಅಂಗೈಯೂರಿ ಎದ್ದೇಳುವಷ್ಟು ಕಸುವು ತೋಳುಗಳಲ್ಲಿರಲಿಲ್ಲ. ಹೆಂಡತಿಯಿಂದ ಅವರನ್ನು ಎತ್ತಲಾಗಲಿಲ್ಲ. ಕೊನೆಗೆ ಎಬ್ಬಿಸಿದವನು ಪಕ್ಕದ ಮನೆಯ ಯುವಕ. ಹಿಂದೊಮ್ಮೆ ಅವರಿಂದಲೇ ಬಸ್ಕಿ ಹೊಡೆಸಿಕೊಂಡ ಶಿಷ್ಯ. ಒದ್ದೆ ನೆಲದ ಮೇಲೆ ಕಳೆದ ಆ ಹೊತ್ತನ್ನು ಮೇಷ್ಟ್ರು ಯಾರಲ್ಲಿಯೂ ಹೇಳಿಕೊಳ್ಳಲಿಲ್ಲ. ವೈದ್ಯರ ಒಪ್ಪಿಗೆ ಪಡೆದು ಕೇರಿಯ ಗರಡಿಗೆ ಹೋದರು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದ ಮಲ್ಲವಿನೋದ ಪ್ರಕರಣವು ಜಟ್ಟಿಗಳ ಆಹಾರವನ್ನೂ ಅಭ್ಯಾಸವನ್ನೂ ವಿವರಿಸುತ್ತದೆ. ಅದು ಅರಮನೆಯ ಅಂಕಣಕ್ಕೆ ಸಿದ್ಧಗೊಳ್ಳುವ ತರುಣರ ಮಾತು. ನೆಲದಿಂದ ಏಳಬೇಕೆಂಬಷ್ಟೇ ಆಸೆಯ ವೃದ್ಧನಿಗೆ ಬೇರೆಯದೇ ಪಾಠ ಬೇಕಿತ್ತು.

ಆ ಪಾಠ ಗೋಡೆಯಿಂದ ಮೊದಲಾಯಿತು. ಗೋಡೆಯಿಂದ ಒಂದು ತೋಳಳತೆ ದೂರ ನಿಂತು, ಭುಜದಗಲಕ್ಕಿಂತ ತುಸು ಹೆಚ್ಚಾಗಿ ಅಂಗೈಗಳನ್ನೂರಿ, ಎದೆಯನ್ನು ಗೋಡೆಯ ಬಳಿಗೆ ತಂದು ಹಿಂದೆ ಸರಿಯುವುದು. ಕೆಲವು ವಾರಗಳ ಬಳಿಕ ಜಗಲಿಯ ಅಂಚು. ಕೈಯೂರುವ ಎಡೆ ತಗ್ಗಿದಷ್ಟೂ ತೋಳು ಹೊರಬೇಕಾದ ಭಾರ ಹೆಚ್ಚುತ್ತದೆ. ಈ ಸಾಮಿನ ಗುಟ್ಟೆಲ್ಲ ಅಷ್ಟೇ. ನಿತಂಬವನ್ನೆತ್ತಿ ಎದೆಯನ್ನು ಬಿಲ್ಲಿನಂತೆ ಮುಂದಕ್ಕೆ ಬೀಸುವ ಪೈಲ್ವಾನರ ದಂಡ ಹೊಸಬರಿಗಲ್ಲ.

ಮೇಷ್ಟ್ರಿಗೆ ಮೊದಲು ಸಂಖ್ಯೆಯದೇ ಹಂಬಲ. ಒಂದೇ ಉಸಿರಿಗೆ ಹತ್ತು ಮುಗಿಸಿ ಉಸ್ತಾದರ ಮುಖ ನೋಡಿದರು.

"ಎರಡಾಯ್ತು ಮೇಷ್ಟ್ರೇ," ಎಂದರು ಉಸ್ತಾದರು. "ಮಿಕ್ಕದ್ದು ಲೆಕ್ಕಕ್ಕಿಲ್ಲ. ಸೊಂಟ ಬಿಟ್ಬಿಟ್ರಿ."

ತಲೆಯಿಂದ ಹಿಮ್ಮಡಿಯವರೆಗೆ ದೇಹ ಕೋಲಿನಂತಿರಬೇಕು. ಪದದ ಮೂಲಾರ್ಥ ಇಲ್ಲಿ ಮೈಗೆ ಬರುತ್ತದೆ. ಹೊಟ್ಟೆ ಸಡಿಲವಾದರೆ ಸೊಂಟ ಜೋತು ಬೆನ್ನಿಗೆ ಪೆಟ್ಟು. ಮೊಣಕೈಗಳು ರೆಕ್ಕೆಯಂತೆ ಪಕ್ಕಕ್ಕೆ ಚಾಚಿದರೆ ಭುಜದ ಕೀಲಿಗೆ ಕಷ್ಟ. ಅವು ಪಕ್ಕೆಗೆ ಓರೆಯಾಗಿ ಹಿಂದಕ್ಕೆ ಬಾಗಬೇಕು. ಕತ್ತು ಮುಂದೆ ಚಾಚಿ ಗದ್ದವನ್ನಷ್ಟೇ ಅಂಚಿಗೆ ಮುಟ್ಟಿಸಿ ಎದೆ ಇಳಿಯಿತೆಂದು ಭ್ರಮಿಸುವುದು ಅತಿ ಸಾಮಾನ್ಯ ವಂಚನೆ. ಇಳಿಯುವಾಗ ಉಸಿರನ್ನೆಳೆದು ಏರುವಾಗ ಬಿಡಬೇಕು. ಉಸಿರು ಕಟ್ಟಿದರೆ ರಕ್ತದೊತ್ತಡ ಏರುತ್ತದೆ. ಆ ವಯಸ್ಸಿನಲ್ಲಿ ಅದು ಸಣ್ಣ ವಿಷಯವಲ್ಲ. ಇಳಿಯುವುದಂತೂ ನಿಧಾನವಾಗಿಯೇ ಆಗಬೇಕು. ಬೀಳುವುದಕ್ಕೂ ಇಳಿಯುವುದಕ್ಕೂ ಇರುವ ಅಂತರವನ್ನು ಮೇಷ್ಟ್ರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ದಿನ ಬಿಟ್ಟು ದಿನ ಅಭ್ಯಾಸ ನಡೆಯಿತು. ಮೂರನೆಯ ತಿಂಗಳಲ್ಲಿ ಒಂದು ಮುಂಜಾನೆ, ಮಟ್ಟಿಯ ಕೆಮ್ಮಣ್ಣಿನ ಪಕ್ಕದ ಬರಿನೆಲದಲ್ಲಿ ಅವರು ಮೊದಲ ಬಾರಿಗೆ ಅಂಗೈಯೂರಿದರು. ನಾಲ್ಕು ಬಾರಿ ಎದೆ ನೆಲದ ಸಮೀಪಕ್ಕಿಳಿದು ಏರಿತು. ಐದನೆಯದರ ನಡುವೆ ಸೊಂಟ ಜೋತಿತು. ಉಸ್ತಾದರು ಬಾಯಿ ತೆರೆಯುವ ಮುನ್ನವೇ ಮೇಷ್ಟ್ರು ಮೊಣಕಾಲೂರಿ, ಅಂಗೈಗಳಿಂದ ನೆಲವನ್ನೊತ್ತಿ ಎದ್ದು ನಿಂತು, "ನಾಲ್ಕು," ಎಂದರು.