ಕ್ರಾಸಿಂಗ್ ಬದಲಿಸುವ ರಾತ್ರಿ

ಕೆಂಗೇರಿ ಯಾರ್ಡಿನ ಬೆಂಗಳೂರು ಕಡೆಯ ತುದಿ. ಗಂಟೆ ಒಂದು ದಾಟಿದೆ. ಕಾಲ ಕೆಳಗೆ ಜಲ್ಲಿ ಜಾರುತ್ತಿದೆ, ತಲೆಯ ಮೇಲೆ 25 ಸಾವಿರ ವೋಲ್ಟಿನ ತಂತಿ ಹಾದುಹೋಗಿದೆ. ಮೈಸೂರು ರಸ್ತೆಯ ಲಾರಿಗಳ ಸದ್ದು ಇನ್ನೂ ಅಡಗಿಲ್ಲ. ಅವಸರದಲ್ಲಿ ನೀವು ಹಳಿಯ ಮೇಲೆ ಹೆಜ್ಜೆಯಿಡುತ್ತೀರಿ. ಹಳಿ ಗ್ಯಾಂಗಿನ ಮುಖ್ಯಸ್ಥ, ಗದಗ ಕಡೆಯ ಮೇಟ್, ತಟ್ಟನೆ ಗದರುತ್ತಾರೆ: “ಕಂಬಿ ಮ್ಯಾಲ ಕಾಲಿಡಬ್ಯಾಡ್ರಿ ಸರ. ಜಾರ್ತದ. ದಾಟೂದಿದ್ರ ಕಾಲು ಎತ್ತಿಡ್ರಿ.”

ಕಾಲು ಎತ್ತಿಡುತ್ತೀರಿ. ಅವರ ಟಾರ್ಚಿನ ಬೆಳಕು ಎರಡು ಹಳಿಗಳು ಕೂಡುವ ಮೂಲೆಯಲ್ಲಿ ನಿಲ್ಲುತ್ತದೆ. ಮುಖ್ಯ ಮಾರ್ಗದ ಒಂದು ಕಂಬಿ, ಲೂಪ್ ಲೈನಿನ ಒಂದು ಕಂಬಿ, ಅವೆರಡೂ ಒಂದನ್ನೊಂದು ಕತ್ತರಿಸಲೇಬೇಕಾದ ಜಾಗವಿದು, ಇದೇ ಕ್ರಾಸಿಂಗ್. ಮಧ್ಯದಲ್ಲಿ ಚೂಪಾದ ಉಕ್ಕಿನ ಮೂಗು, ಆಚೀಚೆ ಬಾಗಿದ ಎರಡು ರೆಕ್ಕೆ ಕಂಬಿ. ಮೂಗಿನ ನೆತ್ತಿ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಅಂಚಿನಲ್ಲಿ ಉಕ್ಕು ಹೊರಕ್ಕೆ ಹರಿದು ತುಟಿಯಂತೆ ನಿಂತಿದೆ. ಒಬ್ಬ ಹುಡುಗ ಅಡ್ಡಪಟ್ಟಿಯಿಟ್ಟು ಸಂದಿನಲ್ಲಿ ಅಳತೆಕಡ್ಡಿ ತೂರಿಸಿ ಸಂಖ್ಯೆ ಹೇಳುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ನಿಯಮದ ಪ್ರಕಾರ ಇಲ್ಲಿ ಮೇಲಿನಿಂದ 10 ಮಿ.ಮೀ. ಸವೆತ ಕೊನೆಯ ಮಿತಿ. ಶತಾಬ್ದಿಯಂಥ ವೇಗದ ಗಾಡಿಗಳ ಮಾರ್ಗದಲ್ಲಿ 8 ಮಿ.ಮೀ. ಮುಟ್ಟುವ ಹೊತ್ತಿಗೇ ದುರಸ್ತಿಯ ಯೋಜನೆ ಹಾಕಬೇಕು. ಈ ಮೂಗಿನ ಆಯಸ್ಸು ಮುಗಿದಿದೆ, ಇವತ್ತು ಇಡೀ ಕ್ರಾಸಿಂಗನ್ನೇ ಬದಲಿಸುತ್ತಾರೆ.

ಗಾಡಿಗಳನ್ನು ನಿಲ್ಲಿಸಿ ಹಳಿಯನ್ನು ಕೆಲಸಕ್ಕೆ ಬಿಟ್ಟುಕೊಡುವ ಬ್ಲಾಕ್ ಇನ್ನೂ ಸಿಕ್ಕಿಲ್ಲ, ಗಾಡಿಯೊಂದು ಹೋಗುವುದು ಬಾಕಿಯಿದೆ. ನೀವೂ ಅವರ ಜೊತೆ ದೂರ ಸರಿದು ನಿಲ್ಲುತ್ತೀರಿ. ನಾಗರಬಾವಿಯ ಮನೆಯಲ್ಲಿ ಮಲಗಿದ್ದಾಗ, ವರ್ತುಲ ರಸ್ತೆ ತಣ್ಣಗಾದ ಮೇಲೆ, ಜ್ಞಾನಭಾರತಿಯ ಮರಗಳ ಆಚೆಯಿಂದ ಈ ಗಾಡಿಗಳ ಕೂಗು ಕೇಳಿದ್ದೀರಿ. ಹತ್ತಿರದಿಂದ ಅದು ಬೇರೆಯೇ ಸದ್ದು. ಎಂಜಿನ್ ಬರುತ್ತದೆ. ವ್ಯಾಪ್-7 ಆದರೆ ತೂಕ 123 ಟನ್, ಚಕ್ರ ಹನ್ನೆರಡು, ಒಂದೊಂದು ಚಕ್ರದ ಕೆಳಗೆ ಹತ್ತು ಟನ್. ಮೂಗು ಸಿಕ್ಕಿದೊಡನೆ ಧಡ್, ಧಡ್, ಧಡ್. ಅಂಗಾಲಿನಿಂದ ಮಂಡಿಯವರೆಗೆ ನೆಲದ ನಡುಕ ಏರುತ್ತದೆ.

ಇಲ್ಲಿ ಹಳಿ ತುಂಡಾಗಿರುವುದೇ ಈ ಏಟಿಗೆ ಕಾರಣ. ಚಕ್ರದ ಒಳಬದಿಯ ಅಂಚು ದಾಟಿಹೋಗಲು ದಾರಿ ಬೇಕು, ಅದಕ್ಕೆಂದೇ 44ರಿಂದ 48 ಮಿ.ಮೀ. ಸಂದು ಬಿಟ್ಟಿರುತ್ತಾರೆ. ನಾಲ್ಕು ಬೆರಳೂ ತೂರದ ಸಂದು. ಆದರೆ ಈ ಕ್ರಾಸಿಂಗ್ 12ಕ್ಕೆ 1ರ ಓರೆಯದು. ಅಷ್ಟು ಓರೆಯಾಗಿ ಆ ಸಂದನ್ನು ದಾಟುವ ಚಕ್ರಕ್ಕೆ ಅರ್ಧ ಮೀಟರಿಗೂ ಮೀರಿ ಪಕ್ಕದ ಆಸರೆ ಇರುವುದಿಲ್ಲ. ಅಷ್ಟು ದೂರ ಅದನ್ನು ದಾರಿಯಲ್ಲಿಡುವುದು ಎದುರು ಹಳಿಯ ಪಕ್ಕದಲ್ಲಿರುವ ಚೆಕ್ ರೈಲು, ಅದೇ ಅಚ್ಚಿನ ಇನ್ನೊಂದು ಚಕ್ರವನ್ನು ತಡೆಹಿಡಿದು. ಈ ನಡುವೆ ಭಾರ ರೆಕ್ಕೆಯಿಂದ ಮೂಗಿಗೆ ವರ್ಗವಾಗುತ್ತದೆ. ವರ್ಗವಾಗುವ ಜಾಗ ಮೂಗಿನ ತುದಿಯಿಂದ ಹಿಂದಕ್ಕೆ ಹೆಚ್ಚೆಂದರೆ ಒಂದು ಮೊಳ, ರೆಕ್ಕೆಗಳ ಮೇಲೂ ಅಷ್ಟೇ. ಉಳಿದ ಉಕ್ಕೆಲ್ಲ ಹೆಚ್ಚುಕಡಿಮೆ ಹೊಸದರಂತೆಯೇ ಇರುತ್ತದೆ.

ಎತ್ತಿಗೆ ಕಟ್ಟಿದ ಲಾಳ ಸವೆದರೆ ಲಾಳವನ್ನಷ್ಟೇ ಕೀಳುತ್ತೇವೆ. ಇಲ್ಲೇಕೆ ಇಡೀ ಕ್ರಾಸಿಂಗ್ ಕೀಳಬೇಕು? ಗಾಡಿಯ ಕೊನೆಯ ಡಬ್ಬಿಯ ಕೆಂಪು ದೀಪ ಮರೆಯಾಗುವಾಗ ಈ ಪ್ರಶ್ನೆ ನಿಮ್ಮ ಬಾಯಿಗೆ ಬಂದೇ ಬರುತ್ತದೆ. ಉತ್ತರ ಉಕ್ಕಿನಿಂದಲೇ ಶುರುವಾಗುತ್ತದೆ. ಮೇಟ್ ನಿಮ್ಮ ಕೈಗೊಂದು ಅಯಸ್ಕಾಂತ ಕೊಡುತ್ತಾರೆ. ಪಕ್ಕದ ಕಂಬಿಗೆ ಹಿಡಿದರೆ ಟಕ್ಕನೆ ಕಚ್ಚುತ್ತದೆ. ಕ್ರಾಸಿಂಗಿನ ಮೈಗೆ ಹಿಡಿದರೆ ಜಾರಿ ಬೀಳುತ್ತದೆ. ಇದು ಮ್ಯಾಂಗನೀಸ್ ಉಕ್ಕು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಕೊಂಡದ್ದು. ನೂರರಲ್ಲಿ ಹನ್ನೆರಡರಷ್ಟು ಮ್ಯಾಂಗನೀಸ್, ಒಂದರಷ್ಟು ಇಂಗಾಲ. ಕೆಂಪಗೆ ಕಾಯಿಸಿ ನೀರಿಗಿಳಿಸಿದರೆ ಬೇರೆ ಉಕ್ಕು ಪೆಡಸಾಗುತ್ತದೆ, ಇದು ಮೆತ್ತಗಾಗುತ್ತದೆ. ಆಮೇಲೆ ಚಕ್ರಗಳ ಏಟು ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುತ್ತ ಹೋಗುತ್ತದೆ. ಹೊಸ ಕ್ರಾಸಿಂಗ್ ಮೊದಲ ದಿನಗಳಲ್ಲಿ ಬೇಗ ಸವೆಯುತ್ತದೆ, ಅಂಚಿನ ತುಟಿಯನ್ನು ಆಗಾಗ ಉಜ್ಜಿ ತೆಗೆಯಬೇಕು. ಗಟ್ಟಿಯಾದ ಮೇಲೆ ವರ್ಷಗಟ್ಟಲೆ ತಾಳುತ್ತದೆ. ಕೆಲವು ಕಡೆ ಕಾರ್ಖಾನೆಯಲ್ಲೇ ಸ್ಫೋಟಕದ ಹಾಳೆ ಹಾಸಿ ಸಿಡಿಸಿ ಮೊದಲೇ ಗಟ್ಟಿ ಮಾಡಿ ಕಳಿಸುತ್ತಾರೆ.

ಸವೆದದ್ದನ್ನಷ್ಟೇ ಬದಲಿಸುವ ಲಾಳದ ಯೋಚನೆ ಹಿಂದೆಯೇ ಬಂದಿತ್ತು. 1890ರ ದಶಕದಲ್ಲಿ ಫಿಲಡೆಲ್ಫಿಯಾದ ವಿಲಿಯಂ ವಾರ್ಟನ್ ಕಂಪನಿ ಟ್ರಾಮ್ ಹಳಿಗಳ ಕ್ರಾಸಿಂಗಿನಲ್ಲಿ ನಡುತುಂಡನ್ನು ಮಾತ್ರ ಮ್ಯಾಂಗನೀಸ್ ಉಕ್ಕಿನಿಂದ ಮಾಡಿ ಕೂರಿಸಿತು. ಅಮೆರಿಕದ ರೈಲುಗಳು ಇವತ್ತಿಗೂ ಸಾಮಾನ್ಯ ಕಂಬಿಗಳ ನಡುವೆ ಮ್ಯಾಂಗನೀಸ್ ತುಂಡನ್ನು ಬೋಲ್ಟಿನಿಂದ ಬಿಗಿದ ಕ್ರಾಸಿಂಗ್ ಬಳಸುತ್ತವೆ. ನಮ್ಮಲ್ಲೂ ಕಂಬಿ ತುಂಡುಗಳನ್ನು ಜೋಡಿಸಿ ಬಿಗಿದ ಹಳೆಯ ಮಾದರಿ ಇತ್ತು, ಯಾವ ತುಂಡು ಸವೆದರೆ ಅದನ್ನು ಬದಲಿಸಬಹುದಿತ್ತು. ಆದರೆ ಬೋಲ್ಟ್ ಸಡಿಲವಾಗುತ್ತದೆ, ಸಡಿಲವಾದ ಕಡೆ ತುಂಡು ಕುಣಿಯುತ್ತದೆ, ಕುಣಿದ ತುಂಡಿಗೆ ಏಟು ಇಮ್ಮಡಿ. ಹಾಗಾಗಿ ಇಡೀ ಕ್ರಾಸಿಂಗ್ ಒಂದೇ ಎರಕವಾಯಿತು. ಈಗ ಒಳಗೆ ಸಡಿಲವಾಗುವುದಕ್ಕೆ ಏನೂ ಇಲ್ಲ. ಒಂದು ಮೊಳ ಸವೆದರೂ ಎತ್ತಬೇಕಾದದ್ದು ಇಡೀ ಎರಕವನ್ನೇ.

ಸ್ಟೇಷನ್ ಮಾಸ್ಟರರಿಂದ ಒಪ್ಪಿಗೆಯ ಗುರುತಾದ ಪ್ರೈವೇಟ್ ನಂಬರ್ ಬರುತ್ತದೆ. ಬ್ಲಾಕ್ ಸಿಕ್ಕಿತು. ಎರಡೂ ಕಡೆ ಕೆಂಪು ದೀಪ ನಿಲ್ಲುತ್ತದೆ. ಹಳಿ ಬಿಚ್ಚುವ ಮೊದಲು ಅದನ್ನು ಹಾಯ್ದು ದಪ್ಪ ತಂತಿ ಕಟ್ಟುತ್ತಾರೆ, ಯಾಕೆಂದರೆ ಎಂಜಿನ್ ಎಳೆದ ವಿದ್ಯುತ್ತು ಮರಳುವುದು ಇದೇ ಹಳಿಯಲ್ಲಿ. ಆಮೇಲೆ ಸುತ್ತಿಗೆಗಳ ಸದ್ದು. ಕ್ಲಿಪ್ಪುಗಳು ಒಂದೊಂದಾಗಿ ಹಾರಿ ಜಲ್ಲಿಗೆ ಬೀಳುತ್ತವೆ. ಹಳಿಗಳನ್ನು ಜೋಡಿಸುವ ಫಿಶ್‌ಪ್ಲೇಟಿನ ಒಂದು ಬೋಲ್ಟು ಹಟ ಮಾಡುತ್ತದೆ. ತುಕ್ಕು ತಿಂದ ನಟ್ಟು ತಿರುಗುವುದಿಲ್ಲ. ಉದ್ದನೆ ಸ್ಪ್ಯಾನರಿಗೆ ಇಬ್ಬರು ನೇತುಬಿದ್ದರೂ ಇಲ್ಲ. “ಕತ್ತರಿಸ್ರೋ ಅದನ್ನ,” ಎನ್ನುತ್ತಾರೆ ಮೇಟ್. ಕಿಡಿ ಚಿಮ್ಮುತ್ತದೆ. ಗಡಿಯಾರ ನೋಡಿಕೊಳ್ಳುತ್ತೀರಿ. ಒಂದೇ ಒಂದು ಬೋಲ್ಟಿಗೆ ಇಷ್ಟು ಹೊತ್ತು.

ಈ ಹೊತ್ತೇ ವಿನ್ಯಾಸದ ನಿಜವಾದ ಅಳತೆ. ನಕ್ಷೆ ಬರೆಯುವವರು ಸವೆತದ ಲೆಕ್ಕ, ಭಾರದ ಲೆಕ್ಕ ಹಾಕುತ್ತಾರೆ, ಅದು ಬೇಕೇ ಬೇಕು. ಆದರೆ ಆ ನಟ್ಟಿಗೆ ಸ್ಪ್ಯಾನರ್ ನೇರವಾಗಿ ಕೂರುತ್ತದೆಯೇ, ಕತ್ತಲಲ್ಲಿ ಕೈ ಹೋಗುತ್ತದೆಯೇ, ಆಚೆ ಹಳಿಯಲ್ಲಿ ಗಾಡಿ ಓಡುತ್ತಿರುವಾಗ ಅದರ ಕಡೆಗೆ ಬೆನ್ನು ಮಾಡಿ ಬಗ್ಗದೆ ಬಿಚ್ಚಬಹುದೇ ಎಂಬುದೂ ಅದೇ ನಕ್ಷೆಯಲ್ಲಿರಬೇಕು. ಉಳಿಯುವ ಒಂದೊಂದು ನಿಮಿಷವೂ ಒಬ್ಬ ಟ್ರ್ಯಾಕ್‌ಮನ್ ಹಳಿಗಳ ನಡುವೆ ನಿಲ್ಲದೆ ಉಳಿದ ನಿಮಿಷ. ಇಂಥ ಜಾಗದಲ್ಲಿ ನಿಂತು ಪ್ರಾಣ ಕಳೆದುಕೊಂಡವರು ಈ ದೇಶದಲ್ಲಿ ಬಹಳ ಮಂದಿ.

ಹಳೆಯ ಎರಕ ಎದ್ದಿತು. ಹಾರೆ, ಜಾಕ್, ಡಾಲಿ, ಎಲ್ಲರ ಹೆಗಲು. ಹೊಸದು ಕೂರುತ್ತದೆ. ಅಗಲದ ಅಳತೆ ಸರಿಹೊಂದುವ ತನಕ ಒಬ್ಬರು ಗೇಜ್ ಹಿಡಿದು ಕೂಗುತ್ತಲೇ ಇರುತ್ತಾರೆ. ಇತ್ತ ಎದುರು ಹಳಿಯಲ್ಲಿ ಇಬ್ಬರು ಸದ್ದಿಲ್ಲದೆ ಇನ್ನೊಂದು ಕೆಲಸ ಮುಗಿಸಿದ್ದಾರೆ. ಸವೆದು ಸಂದು ಅಗಲವಾಗಿದ್ದ ಚೆಕ್ ರೈಲಿನ ಬೋಲ್ಟ್ ಸಡಿಲಿಸಿ, ಸಂದನ್ನು ಸರಿಪಡಿಸಿ, ಮತ್ತೆ ಬಿಗಿದರು. ಓಟದ ಹಳಿಯನ್ನು ಕದಲಿಸಲೇ ಇಲ್ಲ. ಯುರೋಪಿನಲ್ಲಿ ಚೆಕ್ ರೈಲನ್ನು ಓಟದ ಹಳಿಗೆ ಬಿಗಿಯದೆ, ಸ್ವಂತ ಆಧಾರದ ಮೇಲೆ ಪ್ರತ್ಯೇಕವಾಗಿ ನಿಲ್ಲಿಸುವ ಪದ್ಧತಿ ಬಂದು ಎಷ್ಟೋ ವರ್ಷವಾಗಿದೆ. ಸವೆಯುವ ಭಾಗವನ್ನು ಉಳಿದದ್ದರಿಂದ ಬಿಡಿಸಿಡುವುದು ಅಂದರೆ ಇದು. ಗಾಡಿಯನ್ನು ಹಳಿ ಬದಲಿಸುವ ಈ ಇಡೀ ಜೋಡಣೆಯಲ್ಲಿ, ಅಂದರೆ ಟರ್ನ್‌ಔಟಿನಲ್ಲಿ, ನನಗೆ ಅತ್ಯಂತ ಇಷ್ಟವಾದ ಭಾಗ ಯಾವುದೆಂದು ಕೇಳಿದರೆ ಚೆಕ್ ರೈಲನ್ನೇ ತೋರಿಸುತ್ತೇನೆ.

ಕಿತ್ತ ಎರಕವೆಲ್ಲ ಗುಜರಿಗೆ ಹೋಗುವುದಿಲ್ಲ. ಸವೆದ ಮೊಳದ ಮೇಲೆ ವೆಲ್ಡಿಂಗಿನಿಂದ ಉಕ್ಕು ತುಂಬಿ ಮತ್ತೆ ಬಳಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ: ಮ್ಯಾಂಗನೀಸ್ ಉಕ್ಕು ಬಿಸಿಯಾಗಿ ಉಳಿದರೆ ಪೆಡಸಾಗಿ ಬಿರಿಯುತ್ತದೆ. ಆದ್ದರಿಂದ ಒಂದು ಗೆರೆ ಹಾಕಿ, ತಣಿಸಿ, 150 ಡಿಗ್ರಿ ಮೀರದಂತೆ ಕಾದು ಮುಂದಿನ ಗೆರೆ. ಅವಸರದ ವೆಲ್ಡರ್ ಕಣ್ಣಿಗೆ ಕಾಣದ ಬಿರುಕನ್ನು ಒಳಗೆ ಬಿಟ್ಟುಹೋಗುತ್ತಾನೆ. ಈ ಎರಕದ ಒರಟು ಕಣಗಳ ನಡುವೆ ಅಲ್ಟ್ರಾಸಾನಿಕ್ ಪರೀಕ್ಷೆಯೂ ಅದನ್ನು ಸರಿಯಾಗಿ ಹಿಡಿಯಲಾರದು.

ಬ್ಲಾಕ್ ತೆರವಾಗಿ ಮೊದಲ ಗಾಡಿ ನಿಧಾನ ವೇಗದಲ್ಲಿ ದಾಟುತ್ತದೆ. ಈ ಸಲ ಏಟು ಮೃದು. ಗಾಡಿ ಹೋದೊಡನೆ ಮೇಟ್ ಮತ್ತೆ ಸ್ಪ್ಯಾನರ್ ಎತ್ತುತ್ತಾರೆ, ಹೊಸ ಬೋಲ್ಟುಗಳು ಮೊದಲ ಭಾರಕ್ಕೆ ಸಡಿಲುವುದು ಖಂಡಿತ. ಬೀಳ್ಕೊಡುವಾಗ ಕೇಳುತ್ತಾರೆ: “ನಿಮ್ಮ ನಾಗರಬಾವಿಗೂ ಮೆಟ್ರೊ ಬರ್ತೈತಂತಲ್ರಿ?”

ಬರುತ್ತದೆ. ಮೂರನೇ ಹಂತದ 44.65 ಕಿ.ಮೀ.ಗೆ ಕೇಂದ್ರ ಸಂಪುಟ 2024ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಒಂದು ಮಾರ್ಗ ವರ್ತುಲ ರಸ್ತೆಯ ಮೇಲೆ ನಾಗರಬಾವಿ ವೃತ್ತವನ್ನು ಹಾಯುತ್ತದೆ. ಅಲ್ಲಿ ಎರಡಂತಸ್ತಿನ ಯೋಜನೆ ಇದೆ: ನಡುವೆ ಮೇಲ್ಸೇತುವೆ ರಸ್ತೆ, ಅದರ ಮೇಲೆ ಮೆಟ್ರೊ. ಅಷ್ಟೆತ್ತರದಲ್ಲಿ, ಕಾಂಕ್ರೀಟಿನ ಹಾಸಿನಲ್ಲಿ, ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸುವ ಕ್ರಾಸೋವರ್ ಎಲ್ಲಿ ಬಂದರೂ ಅದರ ಮೂಗೂ ಸವೆಯುತ್ತದೆ. ಆಗ ಕೊನೆಯ ಗಾಡಿಗೂ ಮೊದಲ ಗಾಡಿಗೂ ನಡುವಿನ ಕೆಲವೇ ಗಂಟೆಗಳಲ್ಲಿ ಭಾರಿ ತೂಕದ ಎರಕವನ್ನು ಮೇಲೇರಿಸಬೇಕು, ಹಳೆಯದನ್ನು ಇಳಿಸಬೇಕು. ಕ್ರೇನ್ ಎಲ್ಲಿ ನಿಲ್ಲುತ್ತದೆ, ಬಿಡಿ ಎರಕವನ್ನು ಎಲ್ಲಿಡುತ್ತಾರೆ, ಹಳಿಯ ಪಕ್ಕ ಒಬ್ಬ ಮನುಷ್ಯ ಸ್ಪ್ಯಾನರ್ ತಿರುಗಿಸುವಷ್ಟು ಜಾಗ ಉಳಿದಿದೆಯೇ, ಇವೆಲ್ಲ ಕಂಬ ಎದ್ದ ಮೇಲೆ ಕೇಳುವ ಪ್ರಶ್ನೆಗಳಲ್ಲ, ಟೆಂಡರಿನ ಕಾಗದದಲ್ಲೇ ಬರೆದಿರಬೇಕಾದವು.