ಕುಷ್ಟಗಿಯ ಹಸುರು ಶಿಲೆ

ಗಂಗಾವತಿಯ ಭತ್ತದ ಗದ್ದೆಗಳನ್ನು ಹಿಂದಿಕ್ಕಿ, ಆನೆಗೊಂದಿಯ ಬೃಹದ್ಬಂಡೆಗಳನ್ನು ಕಣ್ತುಂಬ ನೋಡಿ ಕೊಪ್ಪಳದತ್ತ ಸಾಗುವ ಪಥಿಕನಿಗೆ, ಈ ಸೀಮೆಯೆಲ್ಲ ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಮೆಲ್ಲನೆ ತಣಿದು ಘನೀಭವಿಸಿದ ಕಣಶಿಲೆಯೊಂದರಿಂದಲೇ ನಿರ್ಮಿತವಾದಂತೆ ತೋರುವುದು ಸಹಜ. ಅಶೋಕನ ಶಾಸನಗಳಿರುವ ಗವಿಮಠವನ್ನೂ ಪಾಲ್ಕಿಗುಂಡನ್ನೂ ಸಂದರ್ಶಿಸಿ, ಯಲಬುರ್ಗದ ಎರೆಹೊಲಗಳ ನಡುವಣ ದಾರಿಯಲ್ಲಿ ಕುಷ್ಟಗಿಯನ್ನು ಸೇರಿದೆನು.

ಇಲ್ಲಿಂದ ಹುನಗುಂದದವರೆಗೆ ಹಬ್ಬಿರುವ ಶಿಲಾಪಟ್ಟಿಯು ಆ ಕಣಶಿಲೆಗಿಂತ ವಯಸ್ಸಿನಲ್ಲಿ ಹಿರಿದು. ವರ್ಣದಲ್ಲಿ ಕಪ್ಪು ಬೆರೆತ ಹಸುರು. ನನ್ನ ಕೈಯಲ್ಲಿದ್ದ ತುಂಡನ್ನು ತೂಗಿ ನೋಡಿದ ಕುರಿಗಾಹಿ ವೃದ್ಧನೊಬ್ಬನು, “ಭಾಳ ವಜ್ಜ ಐತ್ರೀ ಸಾಹೇಬ್ರ” ಎಂದನು. ಅವನ ಅಂಗೈ ಅರಿತದ್ದು ದಿಟ: ಕಬ್ಬಿಣವೂ ಮೆಗ್ನೀಸಿಯಮ್ಮೂ ಹೇರಳವಾಗಿ, ಸಿಲಿಕವು ಕಡಿಮೆಯಾಗಿ ಇರುವ ಪುರಾತನ ಲಾವಾಶಿಲೆಯಿದು.

ಈ ಲಾವಾ ಎಂಥ ಅಗ್ನಿಪರ್ವತದ್ದೆಂದು ಅರಿಯಲು ಮೊದಲು ಇಂದಿನ ಅಗ್ನಿಪರ್ವತಗಳತ್ತ ನೋಡಬೇಕು. ಹವಾಯಿ, ರಿಯೂನಿಯನ್ ಮೊದಲಾದ ದ್ವೀಪಗಳ ಅಗ್ನಿಪರ್ವತಗಳು ಭೂಫಲಕಗಳ ಅಂಚಿನಲ್ಲಿರದೆ ನಡುವೆಯೇ ಏಕೆ ಉರಿಯುತ್ತವೆ ಎಂಬ ಪ್ರಶ್ನೆಗೆ 1963ರಲ್ಲಿ ಭೂವಿಜ್ಞಾನಿ ಟುಜೊ ವಿಲ್ಸನ್ನನು ಆಳದ ತಪ್ತಸ್ಥಾನವೊಂದನ್ನು ಊಹಿಸಿ ಉತ್ತರವಿತ್ತನು. 1971ರಲ್ಲಿ ಭೂಭೌತವಿಜ್ಞಾನಿ ಜೇಸನ್ ಮಾರ್ಗನ್ನನು, ಮೇಲೇರಿ ಬರುವ ಬಿಸಿಶಿಲೆಯ ಸ್ತಂಭವೇ ಅದರ ಮೂಲವೆಂದನು. ಏರುತ್ತೇರುತ್ತ ಮೇಲಿನ ಒತ್ತಡವು ಇಳಿದಂತೆ, ಹೊಸತಾಗಿ ಉಷ್ಣವು ಸೇರದೆಯೇ ಆ ಶಿಲೆಯ ಅಲ್ಪಭಾಗವು ಕರಗಿ ಶಿಲಾಪಾಕವಾಗುವುದು—ಈ ಸಂಗತಿಯನ್ನು ಎಷ್ಟು ಸಲ ನೆನೆದರೂ ನನ್ನ ವಿಸ್ಮಯ ತೀರದು. ಇಲ್ಲಿಂದ ಉತ್ತರಕ್ಕೆ ವಿಜಯಪುರ ಸೀಮೆಯಲ್ಲಿ ಹಾಸಿರುವ, 6.6 ಕೋಟಿ ವರ್ಷಗಳಷ್ಟು ಹಳೆಯ ದಖ್ಖಣದ ಬಸಾಲ್ಟನ್ನು ವಿಜ್ಞಾನಿಗಳು ರಿಯೂನಿಯನ್ನಿನ ತಪ್ತಸ್ಥಾನದೊಡನೆಯೇ ಸಂಬಂಧಿಸುತ್ತಾರೆ.

ಹಾಗಾದರೆ ಕುಷ್ಟಗಿಯ ಲಾವಾ ಆ ವಂಶದ್ದೇ? ಇದನ್ನು ನಿರ್ಣಯಿಸುವ ಸಾಕ್ಷಿಗಳು ಕಲ್ಲಿನಲ್ಲಿ ಲೇಶಮಾತ್ರವಿರುವ ಧಾತುಗಳು. ಸಾಗರದ ಫಲಕವೊಂದು ಮತ್ತೊಂದರ ಅಡಿಗೆ ಜಾರಿ ಇಳಿದಾಗ ಅದರಿಂದ ಹೊರಟ ದ್ರವಗಳು ಬೇರಿಯಂನಂಥವನ್ನು ಸುಲಭವಾಗಿ ಹೊತ್ತೊಯ್ಯುತ್ತವೆ, ನಿಯೋಬಿಯಮನ್ನು ಬಹುಮಟ್ಟಿಗೆ ಹಿಂದೆಯೇ ಉಳಿಸುತ್ತವೆ. ಆದುದರಿಂದ ಅಂಥಲ್ಲಿ ಹುಟ್ಟಿದ ಲಾವಾ ನಿಯೋಬಿಯಂಬಡವಾಗಿರುವುದು. ತಪ್ತಸ್ಥಾನದ ದ್ವೀಪಗಳ ಬಸಾಲ್ಟಿಗೆ ಆ ಕೊರತೆಯಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾಲಯದ ಎಸ್. ಎಂ. ನಖ್ವಿ ಮತ್ತು ಸಹಚರರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಧಾತುಗಳನ್ನು ಅಳೆದು, ಈ ಪಟ್ಟಿಯ ಅಧಿಕ ಮೆಗ್ನೀಸಿಯಂ ಬಸಾಲ್ಟಿನ ಜತೆಗೆ ಬೋನಿನೈಟ್ ಮತ್ತು ಅಡಕೈಟ್ ಎಂಬ ಶಿಲೆಗಳನ್ನೂ ಗುರುತಿಸಿದರು. ಇವೆರಡೂ ಇಂದು ಬಹುಮಟ್ಟಿಗೆ, ಫಲಕವು ಇಳಿಯುವೆಡೆಯ ದ್ವೀಪಮಾಲೆಗಳಲ್ಲಿ ಕಾಣಸಿಗುವಂಥವು. ಆದಕಾರಣ, ಬಯಲಾಗಿರುವ ಈ ನೆಲದಲ್ಲಿ ಒಮ್ಮೆ ಅಗ್ನಿದ್ವೀಪಗಳಿದ್ದುವೆಂದು ಒಪ್ಪಬಹುದಾದರೂ, ಅವನ್ನು ರಿಯೂನಿಯನ್ನಿನ ಪೂರ್ವಜರೆನ್ನಲು ನನ್ನ ಮನಸ್ಸು ಒಪ್ಪದು. ಜಪಾನಿನ ದಕ್ಷಿಣಕ್ಕಿರುವ ಬೋನಿನ್ ದ್ವೀಪಗಳೇ ಅವಕ್ಕೆ ಹತ್ತಿರದ ಬಂಧುಗಳು.